ಒಂದು ಸೀಟು ಕಮ್ಮಿ

ಕೊಪ್ಪ
೧೨ ಜನವರಿ ೨೦೨೫

ಅನಿತಾ,

ಈ ಅಕ್ಷರ ನೋಡಿ ನಿನಗೆ ಗುರುತು ಸಿಗುತ್ತದೋ ಇಲ್ಲವೋ. ಏಳನೇ ತರಗತಿಯಲ್ಲಿ ನಿನಗೆ ಕನ್ನಡ ಹೇಳಿಕೊಟ್ಟ ಅನ್ನಪೂರ್ಣೇಶ್ವರಿ ಟೀಚರ್ ನಾನು.

ಹೋದ ತಿಂಗಳು ಶೃಂಗೇರಿಗೆ ಬಂದಿದ್ದೆ. ಹೂವಿನ ಅಂಗಡಿಯ ಮುಂದೆ ಒಂದು ಜೀಪು ನಿಂತಿತು. ಯಾತ್ರಿಕರನ್ನು ಇಳಿಸಿ, ಹಿಂದಿನ ಬಾಗಿಲನ್ನು ಸೊಂಟದಿಂದ ದೂಡಿ ಮುಚ್ಚಿದ ಹೆಂಗಸನ್ನು ಎಲ್ಲೋ ಕಂಡ ಹಾಗಾಯಿತು. ಅಂಗಡಿಯ ವನಜಮ್ಮನನ್ನು ಕೇಳಿದೆ. ‘ಅನಿತಾ ಅಲ್ವಾ ಟೀಚರೇ, ನಿಮ್ಮ ಶಾಲೇಲೇ ಓದಿದ್ದಂತೆ. ಕಿಗ್ಗ, ಸಿರಿಮನೆ ಎಲ್ಲಾ ಅವಳೇ ಕರ್ಕೊಂಡು ಹೋಗೋದು’ ಎಂದಳು. ನಾನು ಮಾತಾಡಿಸದೆ ಬಂದುಬಿಟ್ಟೆ. ಜೀಪಿನ ಹಿಂದಿದ್ದ ನಂಬರಿಗೆ ಮನೆಯಿಂದ ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ರಿಂಗ್ ಆಗುತ್ತಿದ್ದಂತೆ ನಾನೇ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ, ವನಜಮ್ಮನ ಅಂಗಡಿಯ ವಿಳಾಸಕ್ಕೆ.

ವಿಷಯ ಇಷ್ಟೆ. ನಾನು ನಿವೃತ್ತಳಾಗಿ ಒಂಬತ್ತು ವರ್ಷವಾಯಿತು, ಯಜಮಾನರು ತೀರಿಕೊಂಡು ನಾಲ್ಕು. ಮಂಡಿ ಇನ್ನೂ ಮಾತು ಕೇಳುತ್ತಿರುವಾಗಲೇ ಒಂದು ಪ್ರವಾಸ ಮಾಡಬೇಕು ಅನ್ನಿಸಿದೆ. ಈ ಬೇಸಿಗೆಯಲ್ಲಿ ಒಂದು ವಾರ, ರಸ್ತೆಯ ಮೇಲೇ, ಬೆಟ್ಟದ ರಾಷ್ಟ್ರೀಯ ಉದ್ಯಾನಗಳನ್ನು ಒಂದೊಂದಾಗಿ ನೋಡುತ್ತ. ಮೊದಲು ನಮ್ಮದೇ ಕುದುರೆಮುಖ. ಆಮೇಲೆ ನಾಗರಹೊಳೆ, ಬಂಡೀಪುರ, ಮುದುಮಲೆ, ಊಟಿ. ಸಾಧ್ಯವಾದರೆ ಮುನ್ನಾರಿನ ಕಡೆಯ ಎರವಿಕುಲಂ ಕೂಡ.

ಕೊಪ್ಪದಲ್ಲಿ ಗಾಡಿಗಳಿಗೆ ಕೊರತೆಯಿಲ್ಲ. ಆದರೂ ನೀನೇ ಕರೆದುಕೊಂಡು ಹೋಗುತ್ತೀಯಾ ಎಂದು ಕೇಳಬೇಕೆನ್ನಿಸಿತು. ಆಗುವುದಿಲ್ಲ ಎಂದರೂ ಬೇಸರವಿಲ್ಲ.

ನಿನ್ನ
ಅನ್ನಪೂರ್ಣೇಶ್ವರಿ ಟೀಚರ್


ಶೃಂಗೇರಿ
೨೦ ಜನವರಿ ೨೦೨೫

ಟೀಚರ್‌ಗೆ ಅನಿತಾಳ ನಮಸ್ಕಾರ.

ಲಕೋಟೆ ನೋಡಿದ ಕೂಡಲೇ ಗೊತ್ತಾಯಿತು. ‘ಳ’ದ ಬಾಲವನ್ನು ನೀವು ಎಳೆದ ಹಾಗೆ ಯಾರೂ ಎಳೆಯುವುದಿಲ್ಲ. ವನಜಕ್ಕ ‘ಈ ಕಾಲದಲ್ಲಿ ನಿಂಗೆ ಯಾರೇ ಕಾಗದ ಬರೆಯೋದು’ ಎಂದು ನಕ್ಕಳು. ನಮ್ಮ ಟೀಚರ್ ಎಂದು ಹೇಳುವಾಗ ನನ್ನ ದನಿಯೇ ಬೇರೆಯಾಗಿತ್ತಂತೆ.

ಖಂಡಿತ ಬರುತ್ತೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀವು ಬರೆದಿರುವಾಗ ನಾನೂ ಬರೆಯಬೇಕು ಅನ್ನಿಸಿತು. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಬೇಡಿ.

ನಾನು ಯೋಚಿಸಿದ್ದು ಹೀಗೆ. ಮೊದಲ ದಿನ ಬೆಳಗಿನ ತಂಪಿಗೇ ಹೊರಟು ಕೆರೆಕಟ್ಟೆ ಮೇಲೆ ಕುದುರೆಮುಖ, ಅಲ್ಲಿಂದ ಕಳಸ. ಕಾಡಿನೊಳಗೆ ಕಂಡ ಕಂಡಲ್ಲಿ ಗಾಡಿ ನಿಲ್ಲಿಸಲು ಬಿಡುವುದಿಲ್ಲ, ನಿಮಗೆ ಫೋಟೋ ಬೇಕಿದ್ದರೆ ನಿಧಾನ ಓಡಿಸುತ್ತೇನೆ. ಎರಡನೇ ದಿನ ಮೂಡಿಗೆರೆ, ಸಕಲೇಶಪುರ ದಾಟಿ ಕೊಡಗಿನ ಕಡೆ ಇಳಿಯೋಣ. ನಾಗರಹೊಳೆಯ ರಸ್ತೆಯನ್ನು ಸಂಜೆ ಆರಕ್ಕೆ ಮುಚ್ಚುತ್ತಾರೆ, ಆದ್ದರಿಂದ ಅದು ಮೂರನೇ ದಿನ ಬೆಳಿಗ್ಗೆಯೇ. ಬಂಡೀಪುರದಿಂದ ಮುಂದೆ ಗೂಡಲೂರಿನ ಮೇಲೆ ಊಟಿ ಹತ್ತೋಣ. ಊಟಿಗೆ ಈಗ ಇ-ಪಾಸ್ ಬೇಕು, ಅದು ನನ್ನ ಜವಾಬ್ದಾರಿ.

ಒಂದು ಮಾತು ಹೇಳಲೇ? ಈ ದಾರಿಯ ಪಟ್ಟಿ ನನಗೆ ಬಾಯಿಪಾಠ. ಏಳನೇ ತರಗತಿಯ ಪ್ರವಾಸಕ್ಕೆ ನೀವು ಬೋರ್ಡಿನ ಮೇಲೆ ಬರೆದದ್ದೂ ಇದೇ ತಾನೇ, ಊಟಿಯವರೆಗೆ. ಎಂಟು ವರ್ಷದಿಂದ ಜೀಪು ಓಡಿಸುತ್ತಿದ್ದೇನೆ. ಬಂಡೀಪುರದ ಬಾಡಿಗೆ ಬಂದರೆ ಮಾತ್ರ ಬೇರೆಯವರಿಗೆ ದಾಟಿಸಿಬಿಡುತ್ತೇನೆ. ಹಠ ಎನ್ನಿ.

ಪ್ರವಾಸ ಹೊರಟ ದಿನ ನೀವು ನನ್ನ ಭುಜದ ಮೇಲೆ ಕೈಯಿಟ್ಟಿದ್ದನ್ನು ಮರೆತಿಲ್ಲ. ಅಪ್ಪ ಒಪ್ಪಿಗೆ ಪತ್ರದ ಬದಲು ಬೇರೆ ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಕೊಟ್ಟರೆ ನೀವಾದರೂ ಏನು ಮಾಡುವ ಹಾಗಿತ್ತು? ನನ್ನನ್ನು ಬಿಟ್ಟು ಬಸ್ಸು ಹೊರಟಾಗ ಅಷ್ಟು ಜನರಲ್ಲಿ ಕಿಟಕಿಯಿಂದ ನನ್ನ ಕಡೆ ತಿರುಗಿ ನೋಡಿದವರು ನೀವೊಬ್ಬರೇ. ಈಗ ನಿಮ್ಮನ್ನೇ ಕೂರಿಸಿಕೊಂಡು ಹೋಗುತ್ತೇನೆಂದರೆ ನನಗೆ ಇದಕ್ಕಿಂತ ಏನು ಬೇಕು.

ನಿಮ್ಮ ವಿದ್ಯಾರ್ಥಿನಿ
ಅನಿತಾ


ಕೊಪ್ಪ
೨ ಫೆಬ್ರವರಿ ೨೦೨೫

ಅನಿತಾ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಉತ್ತರಕ್ಕೆ ಕೂತಾಗಲೆಲ್ಲ ಬೇರೆ ಏನಾದರೂ ಕೆಲಸ ನೆನಪಾಗುತ್ತಿತ್ತು.

ದಾರಿ ನೀನು ಹೇಳಿದ ಹಾಗೇ ಇರಲಿ. ಎರವಿಕುಲಂ ಯಾವಾಗ ತೆರೆದಿರುತ್ತದೆ ವಿಚಾರಿಸು. ನನ್ನ ತಮ್ಮನ ಮಗಳು ಕಾವ್ಯ ಕಳಸ, ಕೊಡಗು, ಗುಂಡ್ಲುಪೇಟೆ, ಊಟಿಗಳಲ್ಲಿ ಕೊಠಡಿ ಗೊತ್ತುಮಾಡಿಕೊಡುತ್ತೇನೆ ಎಂದಿದ್ದಾಳೆ. ಎಲ್ಲ ಕಡೆಯೂ ಎರಡೆರಡು ಕೊಠಡಿ ಹೇಳಿದ್ದೇನೆ. ಡ್ರೈವರು ಗಾಡಿಯಲ್ಲೇ ಮಲಗುವ ಪದ್ಧತಿ ನನಗೆ ಬೇಡ.

ಆ ಹಳೆಯ ಪ್ರವಾಸದ ಬಗ್ಗೆ ಬರೆದಿದ್ದೀಯೆ. ಅಷ್ಟೊಂದು ನೆನಪಿಟ್ಟುಕೊಂಡಿರುತ್ತೀ ಎಂದು ಎಣಿಸಿರಲಿಲ್ಲ.

ನಿನ್ನ ಅಪ್ಪ ಚೋಮ ಈಗ ಎಲ್ಲಿದ್ದಾರೆ? ಹೇಗಿದ್ದಾರೆ?

ಅನ್ನಪೂರ್ಣೇಶ್ವರಿ


ಶೃಂಗೇರಿ
೯ ಫೆಬ್ರವರಿ ೨೦೨೫

ಟೀಚರ್‌ಗೆ ನಮಸ್ಕಾರ.

ಎರವಿಕುಲಂ ವಿಷಯ ಕೇಳಿದೆ. ಅಲ್ಲಿನ ಕಾಡಾಡುಗಳು ಮರಿ ಹಾಕುವ ಕಾಲವಂತೆ, ಮಾರ್ಚ್ ಮುಗಿಯುವವರೆಗೆ ಬಾಗಿಲು ಹಾಕಿರುತ್ತಾರೆ. ಏಪ್ರಿಲ್ ಹದಿನಾರು ಬುಧವಾರ ಹೊರಡೋಣವೇ? ಬಂಡೀಪುರದ ಕಡೆ ಆಗ ಕಾಡು ಒಣಗಿ ಬೋಳಾಗಿರುತ್ತದೆ, ನೀರಿರುವ ಜಾಗಕ್ಕೆ ಪ್ರಾಣಿಗಳು ಬರುತ್ತವಂತೆ. ಹಿಂದಿನ ಎರಡು ಟಯರು ಹೊಸದು ಹಾಕಿಸಿದ್ದೇನೆ, ಬ್ರೇಕು ಬಿಚ್ಚಿ ನೋಡಿಸಿದ್ದೇನೆ. ನಿಮ್ಮ ಮಂಡಿಗೆ ಅಂತ ಒಂದು ಮರದ ಮೆಟ್ಟಿಲೂ ಮಾಡಿಸಿದ್ದೇನೆ, ಜೀಪು ಹತ್ತಲು.

ಅಪ್ಪ ಮುತ್ತಿನಕೊಪ್ಪದಲ್ಲಿ ಚಿಕ್ಕಪ್ಪ ಐತನ ಮನೆಯಲ್ಲಿದ್ದಾರೆ. ಅಪ್ಪನನ್ನು ನೀವು ‘ಇದ್ದಾರೆ’ ಎಂದು ಬರೆದಿದ್ದೀರಿ. ಯಾರಾದರೂ ಹಾಗೆ ಬರೆದದ್ದನ್ನು ನಾನು ಓದಿದ್ದು ಇದೇ ಮೊದಲು.

ನಾವು ಹೆಚ್ಚು ಮಾತಾಡುವುದಿಲ್ಲ. ಹಬ್ಬಕ್ಕೆ ಹೋಗುತ್ತೇನೆ, ಊಟ ಮಾಡಿ ಬರುತ್ತೇನೆ. ಬೇರೆ ಯಾರಿಗೂ ಹೇಳಿದ್ದಿಲ್ಲ, ನಿಮಗೆ ಹೇಳುತ್ತೇನೆ. ಆ ದಿನ ಬಸ್ಸು ಹೋದ ಮೇಲೆ ನಾನು ಬುತ್ತಿಯ ಡಬ್ಬಿ ಹಿಡಿದುಕೊಂಡೇ ಎಸ್ಟೇಟಿನ ಕೂಲಿಮನೆಗಳ ಲೈನಿಗೆ ವಾಪಸು ಹೋದೆ. ಬೇರೆ ಕಾಗದಕ್ಕೆ ಯಾಕೆ ಒತ್ತಿದೆ ಎಂದು ಕೇಳಿದೆ. ಅಪ್ಪ ತಪ್ಪು ಒಪ್ಪಿಕೊಳ್ಳಲಿಲ್ಲ. ‘ಅಮ್ಮೋರೇ ಓದಿ ಹೇಳಿ ಒತ್ತಿಸ್ಕೊಂಡ್ರು ಮಗ, ಅದೇ ಕಾಗದ’ ಎಂದರು. ಟೀಚರ್ ಸುಳ್ಳು ಹೇಳುತ್ತಾರಾ ಎಂದು ಕಿರುಚಿದೆ. ಲೈನಿನ ಎಲ್ಲ ಮನೆಯವರೂ ಹೊರಗೆ ಬಂದು ನಿಂತಿದ್ದರು. ಅವರ ಎದುರಿಗೇ ‘ಹೆಬ್ಬೆಟ್ಟು’ ಎಂದು ಬೈದೆ. ಅಪ್ಪ ಹೊಡೆಯಲಿಲ್ಲ. ಹೊಡೆದಿದ್ದರೆ ಒಳ್ಳೆಯದಿತ್ತು.

ಅಲ್ಲಿಂದ ಮುಂದೆ ಅವರು ಯಾವ ಕಾಗದಕ್ಕೂ ಬೆರಳು ಇಡಲಿಲ್ಲ. ಮನೆ ಜಾಗಕ್ಕೆ ಲೈನಿನವರೆಲ್ಲ ಅರ್ಜಿ ಹಾಕಿದರು, ಇವರು ಹಾಕಲಿಲ್ಲ. ‘ಓದೋದೊಂದು, ಬರೆದಿರೋದೊಂದು’ ಎಂದುಬಿಟ್ಟರು. ನಾನು ಹತ್ತನೇ ತರಗತಿ ಪಾಸಾದಾಗ ಕೊಪ್ಪದ ಬಾಳಗಡಿಯಲ್ಲಿ ಕಾಲೇಜಿಗೆ ಸೇರಿ ಹಾಸ್ಟೆಲಿನಲ್ಲಿರಬೇಕೆಂದಿದ್ದೆ. ಫಾರಂ ತಂದು ಮುಂದಿಟ್ಟೆ. ಅಪ್ಪ ಕತ್ತಿ ತೆಗೆದುಕೊಂಡು ಗುಡ್ಡ ಹತ್ತಿದವರು ಕತ್ತಲಾಗುವವರೆಗೆ ಇಳಿಯಲಿಲ್ಲ. ಮಗಳು ಓದುವುದು ಇಷ್ಟವಿಲ್ಲ ಎಂದುಕೊಂಡೆ. ಈಗಲೂ ಹಾಗೇ ಅಂದುಕೊಂಡಿದ್ದೇನೆ. ಇಷ್ಟು ವರ್ಷದಲ್ಲಿ ಒಂದು ದಿನವೂ ಅವರನ್ನು ನನ್ನ ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿಲ್ಲ.

ಇದನ್ನೆಲ್ಲ ಯಾಕೆ ಬರೆದೆನೋ. ಕಾಗದದ ಗುಣವಿರಬೇಕು.

ಅನಿತಾ


ಕೊಪ್ಪ
೧ ಮಾರ್ಚ್ ೨೦೨೫

ಅನಿತಾ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಇದು ಐದನೆಯದು. ಮತ್ತೆ ಓದಿ ನೋಡದೆ ಅಂಚೆಗೆ ಹಾಕುತ್ತೇನೆ.

ನಿನ್ನ ಅಪ್ಪ ಹೇಳಿದ್ದು ನಿಜ. ನಾನೇ ಓದಿ ಹೇಳಿದ್ದೆ.

ಅವರು ಕೆಲಸ ಬಿಟ್ಟು ಶಾಲೆಗೆ ಬಂದಿದ್ದರು. ಒಳಗೆ ಬರಲಿಲ್ಲ, ಜಗಲಿಯ ಕೆಳಗೇ ನಿಂತಿದ್ದರು. ‘ಎಂತ ಬರ್ದಿದೆ ಅಂತ ಒಂದ್ಸಲ ಓದಿ ಅಮ್ಮಾ’ ಎಂದರು. ನನ್ನ ಮಗಳನ್ನು ಮೂರು ದಿನದ ಪ್ರವಾಸಕ್ಕೆ ಕಳಿಸಲು ಒಪ್ಪಿಗೆಯಿದೆ ಎಂದು ಓದಿದೆ. ಶಾಯಿಯ ಪ್ಯಾಡು ಹಿಡಿದವಳೂ ನಾನೇ. ಒತ್ತಿ ಆದ ಮೇಲೆ ಬೆರಳನ್ನು ಕಂಬಕ್ಕೆ ಒರೆಸದೆ ತಲೆಗೂದಲಿಗೆ ಒರೆಸಿಕೊಂಡು ಹೋದರು.

ಹೊರಡಲು ಎರಡು ದಿನವಿರುವಾಗ ಶಾಲಾ ಸಮಿತಿಯ ಅಧ್ಯಕ್ಷರು ಬಂದರು. ಅವರ ತಂಗಿಯ ಮಗಳು ರಜೆಗೆ ಬಂದಿದ್ದಳು. ‘ಇವಳನ್ನೂ ಹತ್ತಿಸ್ಕೊಳ್ಳಿ ಟೀಚರೇ, ಒಂದು ಸೀಟು ತಾನೇ’ ಎಂದರು. ಬಸ್ಸು ತುಂಬಿತ್ತು. ಆಗುವುದಿಲ್ಲ ಎನ್ನಬಹುದಿತ್ತು. ಅವರು ನನ್ನನ್ನು ಹೆದರಿಸಲಿಲ್ಲ, ಗದರಲಿಲ್ಲ. ಆಗಲಿ ಎಂದೆ. ಅಷ್ಟು ಸಲೀಸಾಗಿ ಬಂತು ಆ ಮಾತು.

ಆಮೇಲೆ ಹೆಸರುಗಳ ಪಟ್ಟಿ ಹಿಡಿದು ಕೂತೆ. ಯಾರು ಚೆನ್ನಾಗಿ ಓದುವುದಿಲ್ಲ, ಯಾರು ತಂಟೆ ಮಾಡುತ್ತಾರೆ ಎಂದು ನೋಡಲಿಲ್ಲ. ಯಾರನ್ನು ಬಿಟ್ಟರೆ ಮನೆಯವರು ಬಂದು ಕೇಳುವುದಿಲ್ಲ ಎಂದು ನೋಡಿದೆ. ನಿನ್ನ ಹೆಸರಿನ ಹತ್ತಿರ ಬಂದಾಗ ನನಗೆ ಸಮಾಧಾನವಾಯಿತು. ಇದನ್ನು ಬರೆಯುವುದೇ ಕಷ್ಟವಾಗಿತ್ತು ಅನಿತಾ. ಸಂಕಟವಾಗಲಿಲ್ಲ, ಸಮಾಧಾನವಾಯಿತು.

ಆ ಒಪ್ಪಿಗೆ ಕಾಗದವನ್ನು ಹರಿದು ಒಲೆಗೆ ಹಾಕಿದೆ. ಬಸ್ಸಿನ ಬಾಗಿಲಲ್ಲಿ ನಿನಗೆ ಏನು ಹೇಳಬೇಕೆಂದು ಯೋಚಿಸಿಯೇ ಇರಲಿಲ್ಲ. ‘ಕೊಟ್ಟಿದ್ದೀನಿ ಟೀಚರ್’ ಎಂದು ನೀನು ಅಂದಾಗ ಬಾಯಿಗೆ ಬಂದದ್ದು ಅದು, ನಿನ್ನಪ್ಪ ಒತ್ತಿದ್ದು ಬೇರೆ ಕಾಗದಕ್ಕೆ ಅನ್ನುವುದು. ನೀನು ಕೂಡಲೇ ನಂಬಿದೆ. ಕಿಟಕಿಯಿಂದ ನೋಡಿದ್ದು ಪ್ರೀತಿಯಿಂದಲ್ಲ. ನೀನು ಗಲಾಟೆ ಮಾಡದೆ ಹೋದೆಯಾ ಎಂದು ನೋಡಿದೆ.

ಇಪ್ಪತ್ತೆರಡು ವರ್ಷ ಇದನ್ನು ಸಣ್ಣ ವಿಷಯ ಅಂದುಕೊಂಡೇ ಇದ್ದೆ. ಒಂದು ಮಗುವಿಗೆ ಒಂದು ಪ್ರವಾಸ ತಪ್ಪಿತು, ಅಷ್ಟೇ ಎಂದು. ಈ ಬೇಸಿಗೆಯ ಪ್ರವಾಸವನ್ನೂ ಅದಕ್ಕೇ ಹೂಡಿದ್ದು. ನಿನಗೆ ಆ ಜಾಗಗಳನ್ನೆಲ್ಲ ತೋರಿಸಿಬಿಟ್ಟರೆ, ನಿನಗೆ ಏನೂ ತಿಳಿಯದ ಹಾಗೇ, ನನ್ನ ಮನಸ್ಸು ಹಗುರವಾಗುತ್ತದೆ ಎಂದು. ನಿನ್ನ ಕಾಗದ ಓದಿದ ಮೇಲೆ ನಾನು ಕಿತ್ತುಕೊಂಡದ್ದು ಏನೆಂದು ಗೊತ್ತಾಯಿತು.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ಅನ್ನಪೂರ್ಣೇಶ್ವರಿ


ಶೃಂಗೇರಿ
೨೭ ಮಾರ್ಚ್ ೨೦೨೫

ಟೀಚರ್,

ನಿಮ್ಮ ಕಾಗದ ಮಾರ್ಚ್ ಐದಕ್ಕೇ ಬಂತು. ಅದನ್ನು ಜೀಪಿನಲ್ಲಿಟ್ಟುಕೊಂಡು ಮೂರು ವಾರ ತಿರುಗಿದ್ದೇನೆ. ಒಂದು ದಿನ ಕಿಗ್ಗದ ದಾರಿಯಲ್ಲಿ ಬದಿಗೆ ನಿಲ್ಲಿಸಿಬಿಟ್ಟೆ. ‘ಎಂತ ಆಯ್ತು ಅಕ್ಕಾ, ಇಂಜಿನ್ನಾ?’ ಎಂದು ಕೂತವರು ಕೇಳಿದರು. ಹೌದು ಎಂದೆ.

ಎರಡು ಸಲ ಮುತ್ತಿನಕೊಪ್ಪಕ್ಕೆ ಹೋಗಿ ಬಂದೆ. ಅಪ್ಪನ ಎದುರು ಕೂತೆ. ಹೇಳಲಾಗಲಿಲ್ಲ. ‘ನೀನು ಹೇಳಿದ್ದು ನಿಜ ಅಪ್ಪ’ ಎಂದರೆ ‘ನಿಂಗೆ ಹೆಂಗೆ ಗೊತ್ತಾಯ್ತು’ ಎಂದು ಕೇಳುತ್ತಾರೆ. ಟೀಚರ್ ಬರೆದಿದ್ದಾರೆ ಎನ್ನಬೇಕು. ಆಗಲೂ ಟೀಚರ್ ಹೇಳಿದರು ಎಂದು ತಾನೇ ನಾನು ನಂಬಿದ್ದು? ಈಗಲೂ ಅಪ್ಪನ ಮಾತು ನಿಜವಾಗಲು ನಿಮ್ಮ ಕಾಗದವೇ ಬೇಕಾಯಿತಲ್ಲ. ನನಗೆ ನಿಮ್ಮ ಮೇಲಿರುವ ಸಿಟ್ಟಿಗಿಂತ ಇದರ ನಾಚಿಕೆಯೇ ಹೆಚ್ಚಾಗಿದೆ. ಹನ್ನೆರಡು ವರ್ಷದವಳಿಗೆ ಗೊತ್ತಾಗಲಿಲ್ಲ, ಸರಿ. ಮೂವತ್ತು ದಾಟಿದವಳಿಗೆ?

ನೀವು ನನಗೆ ಬರೆದರೆ ಆಗುವುದಿಲ್ಲ. ಅವರಿಗೆ ಕಾಗದ ಓದಲು ಬರುವುದಿಲ್ಲ. ನೀವೇ ಹೋಗಿ ಬಾಯಲ್ಲಿ ಹೇಳಿ. ನಾನು ಜೊತೆಗೆ ಬರುವುದಿಲ್ಲ, ಜೀಪೂ ಕಳಿಸುವುದಿಲ್ಲ. ಕೊಪ್ಪದಿಂದ ನರಸಿಂಹರಾಜಪುರದ ಬಸ್ಸು ಹತ್ತಿದರೆ ಮುತ್ತಿನಕೊಪ್ಪದಲ್ಲಿ ಇಳಿಸುತ್ತಾರೆ. ಐತನ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ.

ಪ್ರವಾಸದ ಮಾತು ಆಮೇಲೆ.

ಅನಿತಾ


ಕೊಪ್ಪ
೩ ಏಪ್ರಿಲ್ ೨೦೨೫

ಅನಿತಾ,

ನಿನ್ನೆ ಹೋಗಿ ಬಂದೆ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಹತ್ತು ಗಂಟೆಯ ಹೊತ್ತಿಗೆ ಇಳಿದೆ. ನಿನ್ನ ಅಪ್ಪ ಅಂಗಳದಲ್ಲಿ ತೆಂಗಿನ ಗರಿ ಸೀಳಿ ಗುಡಿಸುವ ಹಿಡಿಸೂಡಿ ಕಟ್ಟುತ್ತ ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ನೋಡಿ ಎದ್ದು ನಿಂತುಬಿಟ್ಟರು. ‘ಅಮ್ಮೋರು. ಬಸ್ಸಲ್ಲಿ ಬಂದ್ರಾ ಇಷ್ಟು ದೂರ?’ ಎಂದು ಪಕ್ಕದ ಮನೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ನೆರಳಿಗೆ ಹಾಕಿದರು. ನಾನು ಕೂರಲಿಲ್ಲ. ನಾನು ನಿಂತಿದ್ದರೆ ಅವರೂ ಕೂರುವುದಿಲ್ಲ ಎಂದು ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು. ಆಗ ಕೂತೆ. ಅವರೂ ಕೂತು ಮತ್ತೆ ಗರಿ ಕೈಗೆತ್ತಿಕೊಂಡರು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಒಂದೂ ಬರಲಿಲ್ಲ. ‘ಆವತ್ತು ನಾನು ಓದಿ ಹೇಳಿದ್ದು ಸರಿಯಾಗೇ ಇತ್ತು ಚೋಮ. ನೀನು ಒತ್ತಿದ್ದೂ ಸರಿಯಾದ ಕಾಗದಕ್ಕೇ. ಸುಳ್ಳು ಹೇಳಿದ್ದು ನಾನು’ ಎಂದೆ. ನೋಡು, ಕಾಗದದಲ್ಲಿ ‘ಇದ್ದಾರೆ’ ಎಂದು ಬರೆದವಳಿಗೆ ಎದುರಿಗೆ ಕೂತಾಗ ‘ನೀನು’ ಎಂದೇ ಬಂತು.

ಅವರು ಗರಿ ಸೀಳುವುದನ್ನು ನಿಲ್ಲಿಸಲಿಲ್ಲ. ಮೂರೋ ನಾಲ್ಕೋ ಕಡ್ಡಿ ತೆಗೆದಿಟ್ಟ ಮೇಲೆ ‘ಯಾಕಮ್ಮಾ?’ ಎಂದು ಕೇಳಿದರು. ಸಿಟ್ಟಿನಿಂದಲ್ಲ. ತಿಳಿದುಕೊಳ್ಳಲು ಕೇಳಿದರು. ಒಂದು ಸೀಟು ಕಮ್ಮಿ ಬಿತ್ತು, ಅಧ್ಯಕ್ಷರ ಕಡೆಯ ಹುಡುಗಿಗೆ ಕೊಟ್ಟೆ ಎಂದೆ.

‘ಅಷ್ಟೇಯಾ?’ ಎಂದರು. ಆಮೇಲೆ, ‘ಸೀಟು ಕಮ್ಮಿ ಬಿತ್ತು ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತು. ನಾನೇ ಮಗೂಗೆ ಸಮಾಧಾನ ಮಾಡ್ತಿದ್ದೆ. ಕಮ್ಮಿ ಬಿದ್ದಾಗ ಸಮಾಧಾನ ಮಾಡೋದು ನಮಗೆ ಗೊತ್ತಿಲ್ಲದ್ದಾ ಅಮ್ಮಾ?’

ನಿನ್ನ ಚಿಕ್ಕಮ್ಮ ಸೀತಕ್ಕ ಬಾಗಿಲಿಗೆ ಬಂದು ನಿಂತಿದ್ದರು. ‘ಈಗ ಬಂದು ಹೇಳಿ ಹೋದ್ರೆ ಮುಗೀತಾ? ಆ ಹುಡುಗಿ ಕಾಲೇಜಿಗೆ ಹೋಗ್ಲಿಲ್ಲ. ಈ ಮನುಷ್ಯ ಪೇಪರ್ ಕಂಡ್ರೆ ಎದ್ದು ಹೋಗ್ತಾರೆ. ಎಲ್ಲರಿಗೂ ಮನೆ ಆಯ್ತು, ಇವ್ರಿಗೆ ಆಗ್ಲಿಲ್ಲ’ ಎಂದರು. ‘ಸುಮ್ನಿರು ಸೀತಾ, ಮನೆಗೆ ಬಂದವ್ರು’ ಎಂದು ನಿನ್ನ ಅಪ್ಪ ಗದರಿದರು. ಅವರು ತಡೆಯದಿದ್ದರೆ ನನಗೆ ಒಳ್ಳೆಯದಿತ್ತು. ಸೀತಕ್ಕ ಇನ್ನೂ ಸ್ವಲ್ಪ ಹೊತ್ತು ಬೈಯಬೇಕಾಗಿತ್ತು.

ಕೊನೆಗೆ ಅವರು ಕೇಳಿದ್ದು ಒಂದೇ. ‘ಅವಳಿಗೆ ಹೇಳಿದ್ರಾ?’ ಹೇಳಿದೆ ಎಂದೆ. ‘ಹಂಗಾರೆ ಅವಳಿಗೆ ಗೊತ್ತು, ನಾನು ಸುಳ್ಳು ಹೇಳಿದ್ದಲ್ಲ ಅಂತ.’ ಗೊತ್ತು ಎಂದೆ. ಸೀಳಿದ ಕಡ್ಡಿಗಳನ್ನು ಒಟ್ಟುಮಾಡಿಟ್ಟು ಅದನ್ನೇ ಮತ್ತೊಮ್ಮೆ ಕೇಳಿದರು. ಮತ್ತೊಮ್ಮೆ ಗೊತ್ತು ಎಂದೆ.

ಚಹಾ ಕುಡಿಯುತ್ತೀರಾ ಎಂದು ಎರಡು ಸಲ ಕೇಳಿದರು, ನಾನು ಅಲ್ಲಿ ಕುಡಿಯುತ್ತೇನೋ ಇಲ್ಲವೋ ಎಂದು ಅನುಮಾನಿಸುತ್ತ. ಕುಡಿದೆ. ಬಸ್ಸಿನವರೆಗೆ ಬಂದು ಹತ್ತಿಸಿ, ಬಸ್ಸು ಹೊರಡುವವರೆಗೆ ಬಿಸಿಲಿನಲ್ಲಿ ನಿಂತಿದ್ದರು.

ನಾನು ಪ್ರವಾಸಕ್ಕೆ ಬರುವುದಿಲ್ಲ. ಕೊಠಡಿಗಳನ್ನು ಕಾವ್ಯ ಗೊತ್ತುಮಾಡಿ ಆಗಿದೆ. ಎಲ್ಲೆಡೆಯೂ ನಿನ್ನ ಹೆಸರು ಬರೆಸಿದ್ದೇನೆ. ನೀನೂ ನಿನ್ನ ಅಪ್ಪನೂ ಹೋಗಿ ಬನ್ನಿ. ಇಷ್ಟನ್ನಾದರೂ ಒಪ್ಪಿಕೋ.

ಅನ್ನಪೂರ್ಣೇಶ್ವರಿ


ಶೃಂಗೇರಿ
೮ ಏಪ್ರಿಲ್ ೨೦೨೫

ಟೀಚರ್,

ನಿಮ್ಮ ಕಾಗದ ಸಿಕ್ಕ ದಿನವೇ ಮುತ್ತಿನಕೊಪ್ಪಕ್ಕೆ ಹೋದೆ. ಅಪ್ಪನ ಪಕ್ಕ ಕೂತು, ಲೈನಿನವರ ಎದುರು ಹಾಗೆ ಬೈದದ್ದು ತಪ್ಪಾಯಿತು ಎಂದೆ. ‘ನೀನು ಸಣ್ಣೋಳು’ ಎಂದರು. ನಾನು ಈಗಲೂ ಸಣ್ಣವಳು ಅನ್ನುವ ಹಾಗೆ ಹೇಳಿದರು. ಹಾಸ್ಟೆಲಿನ ಫಾರಂ ತಂದ ದಿನ ಗುಡ್ಡದ ಮೇಲೆ ಏನು ಮಾಡಿದೆ ಅಪ್ಪ ಎಂದು ಕೇಳಿದೆ. ‘ಎಂತ ಮಾಡೋದು, ಕೂತಿದ್ದೆ’ ಎಂದರು. ‘ಒತ್ತಿದ್ರೆ ಇದೂ ಬೇರೆ ಕಾಗದ ಆಗಿ ನಿನ್ನ ಓದು ತಪ್ಪಿ ಹೋಗ್ತದೆ ಅಂತ ಹೆದ್ರಿಕೆ ಆಯ್ತು.’ ನನ್ನ ಓದು ಇಷ್ಟವಿಲ್ಲದೆ ಅಲ್ಲ ಟೀಚರ್. ಇದನ್ನು ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಪ್ರವಾಸದ ವಿಷಯ ಹೇಳಿದೆ. ಬಂಡೀಪುರ ಎಷ್ಟು ದೂರ, ಆನೆ ರಸ್ತೆಗೇ ಬರ್ತದಾ ಎಂದೆಲ್ಲ ಕೇಳಿದರು. ಒಂದು ವಾರ ಕೆಲಸ ಬಿಟ್ಟರೆ ಮೇಸ್ತ್ರಿ ಏನಂತಾನೋ ಎಂದರು, ಆಮೇಲೆ ಅಂದ್ರೆ ಅನ್ಲಿ ಎಂದರು. ಬರುತ್ತಾರೆ. ಮುಂದಿನ ಸೀಟು ಅವರದು.

ನೀವು ಕೊಠಡಿ ಬಿಟ್ಟುಕೊಟ್ಟು ಮನೆಯಲ್ಲಿ ಕೂರುತ್ತೇನೆ ಎಂದು ಬರೆದಿದ್ದೀರಿ. ನನಗೂ ಅದೇ ಸರಿ ಅನ್ನಿಸಿತ್ತು. ನಿಮ್ಮ ಪಕ್ಕ ಏಳು ದಿನ ಹೇಗೆ ಇರುವುದು ಎಂದು ಹೆದರಿದ್ದೆ. ಅಪ್ಪ ಒಪ್ಪಲಿಲ್ಲ. ‘ಅಮ್ಮೋರನ್ನ ಬಿಟ್ಟು ಹೋಗೋದು ಬೇಡ. ಬಿಟ್ಟು ಹೋದ್ರೆ ಹೆಂಗಾಗ್ತದೆ ಅಂತ ನಮಗೆ ಗೊತ್ತುಂಟಲ್ಲ’ ಎಂದರು. ನಾನು ವಾದ ಮಾಡಿದೆ. ಅವರು ಹಿಡಿಸೂಡಿಯ ಗಂಟು ಬಿಗಿಯುತ್ತ ಕೂತರು. ಕೊನೆಗೆ ನಾನೇ ಸೋತೆ.

ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ನಾನು ಬರೆಯಲಾರೆ. ಮುಂದೆ ಎಂದಾದರೂ ಬರೆಯುತ್ತೇನೋ ಅದೂ ಗೊತ್ತಿಲ್ಲ. ದಾರಿಯಲ್ಲಿ ನಿಮ್ಮ ಹತ್ತಿರ ಹೆಚ್ಚು ಮಾತಾಡಲಿಕ್ಕಿಲ್ಲ. ಅದಕ್ಕೆ ನೀವು ಬೇಸರ ಮಾಡಿಕೊಂಡರೂ ನಾನು ಏನೂ ಮಾಡುವ ಹಾಗಿಲ್ಲ.

ಹದಿನಾರರ ಬೆಳಿಗ್ಗೆ ಮುತ್ತಿನಕೊಪ್ಪದಿಂದ ಅಪ್ಪನನ್ನು ಕೂರಿಸಿಕೊಂಡು ಬರುತ್ತೇನೆ. ಮನೆಯ ಬಾಗಿಲಿಗೆ ಬರುವುದಿಲ್ಲ. ಆರು ಗಂಟೆಗೆ ಬಾಳಗಡಿಯ ರಸ್ತೆಯಲ್ಲಿ ಬಂದು ನಿಂತಿರಿ. ಗಾಡಿ ನಿಲ್ಲಿಸುತ್ತೇನೆ.

ಅನಿತಾ